ಮೆಡಿಕಲ್ ಸೀಟು ತಪ್ಪಿ ಫಾರ್ಮಸಿಗೆ ಬಂದಿದ್ದೀರಾ? "ಯಾಕೆ ಫಾರ್ಮಸಿ" ಅಂದರೆ ಉತ್ತರ ಹುಡುಕಿಕೊಳ್ಳುವುದು ಹೀಗೆ

ಮೊದಲೇ ಹೇಳಿಬಿಡುತ್ತೇನೆ, ನಾನು ಫಾರ್ಮಸಿಗೆ ಆಸೆಪಟ್ಟು ಬಂದವಳಲ್ಲ. ನೀಟ್‌ನಲ್ಲಿ ಬಂದ ಅಂಕಕ್ಕೆ ಎಂಬಿಬಿಎಸ್ ಹೋಗಲಿ, ಅದರ ಅಕ್ಕಪಕ್ಕದ್ದೂ ಸಿಗುವ ಹಾಗಿರಲಿಲ್ಲ. ಸಿಇಟಿ ರ‍್ಯಾಂಕ್ ನೋಡಿದ ಅಪ್ಪ, "ಬಿ.ಫಾರ್ಮ್ ಹಾಕು, ಅದೂ ಮೆಡಿಕಲ್ ಲೈನೇ ಅಲ್ವಾ" ಅಂದರು. ಹಾಕಿದೆ. ಅಷ್ಟೇ ಕಥೆ. ಈಗ ಎಂಟನೇ ಸೆಮಿಸ್ಟರ್ ಮುಗಿದಿದೆ, ಒಂದು ಕೆಲಸ ಕೈಯಲ್ಲಿದೆ. ಸೀಟು ಹಂಚುವ ಕಾಲ ಬಂತೆಂದರೆ ನಮ್ಮ ಹಿರಿಯೂರು ಕಡೆಯ ಪಿಯುಸಿ ಮಕ್ಕಳು ಮೆಸೇಜ್ ಮಾಡುತ್ತಾರೆ, "ಅಕ್ಕಾ, ಫಾರ್ಮಸಿ ತಗೊಳ್ಳಲಾ? ಸ್ಕೋಪ್ ಇದೆಯಾ?" ಒಬ್ಬೊಬ್ಬರಿಗೂ ಅದನ್ನೇ ಟೈಪ್ ಮಾಡಿ ಸಾಕಾಯಿತು, ಹಾಗಾಗಿ ಇಲ್ಲಿ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ಈ ನಾಲ್ಕು ವರ್ಷ ಮೂರು ಪ್ರಶ್ನೆ ನಿಮ್ಮ ಬೆನ್ನು ಬಿಡುವುದಿಲ್ಲ. ಯಾಕೆ ಬಂದೆ, ಏನು ಕಲಿತೆ, ಮುಂದೇನು. ಮದುವೆ ಮನೆಯಲ್ಲಿ ದೊಡ್ಡಪ್ಪ ಕೇಳುತ್ತಾರೆ, ವೈವಾದಲ್ಲಿ (ಮೌಖಿಕ ಪರೀಕ್ಷೆ) ಹೊರಗಿನಿಂದ ಬಂದ ಎಕ್ಸಾಮಿನರ್ ಕೇಳುತ್ತಾರೆ, ಕೊನೆಗೆ ಇಂಟರ್‌ವ್ಯೂನಲ್ಲೂ ಅದನ್ನೇ ಕೇಳುತ್ತಾರೆ. ಸೀಟು ತಗೊಳ್ಳುವ ದಿನ ಉತ್ತರ ಗೊತ್ತಿಲ್ಲದಿದ್ದರೆ ತಪ್ಪೇನಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಅದು ಕೂತಲ್ಲಿ ಬರುವುದಿಲ್ಲ. ಹುಡುಕಿಕೊಂಡು ಹೋಗಬೇಕು, ಅದೂ ಜಾಸ್ತಿ ಸಿಗುವುದು ಕ್ಲಾಸ್‌ರೂಮಿನ ಹೊರಗೆ.

ಸೀಟು ತಗೊಳ್ಳುವ ಮುಂಚೆ

ಡಿ.ಫಾರ್ಮ್ ಅಂದರೆ ಡಿಪ್ಲೊಮಾ, 2 ವರ್ಷ, ಅದರ ಜೊತೆ 500 ಗಂಟೆ ಪ್ರಾಕ್ಟಿಕಲ್ ಟ್ರೈನಿಂಗ್. ಬಿ.ಫಾರ್ಮ್ ಪದವಿ, 4 ವರ್ಷ, 8 ಸೆಮಿಸ್ಟರ್. ಫಾರ್ಮ್.ಡಿ (ಡಾಕ್ಟರ್ ಆಫ್ ಫಾರ್ಮಸಿ) 6 ವರ್ಷ, ಕೊನೆಯ 1 ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಮೂರನ್ನೂ ಒಂದೇ ಅಂದುಕೊಂಡು ಬರುವವರನ್ನು ನಾನು ಪ್ರತಿ ವರ್ಷ ನೋಡಿದ್ದೇನೆ.

ಮೆಡಿಕಲ್ ಸ್ಟೋರ್ ಇಡಬೇಕು, ಬೇಗ ದುಡಿಮೆ ಶುರುವಾಗಬೇಕು ಅಂದರೆ ಡಿ.ಫಾರ್ಮ್ ಸಾಕು. ಸುಮ್ನೆ ನಾಲ್ಕು ವರ್ಷ ಯಾಕೆ ಕಳೆಯುತ್ತೀರಿ? ಆದರೆ ಒಂದು ವಿಷಯ ತಿಳಿದಿರಲಿ, ಡಿ.ಫಾರ್ಮ್ ಮುಗಿಸಿದವರಿಗೆ ಎಕ್ಸಿಟ್ ಪರೀಕ್ಷೆ ಇಡಬೇಕು ಅಂತ 2022ರಲ್ಲಿ ನಿಯಮ ಬಂದಿದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಹೆಜ್ಜೆ ಇಡಿ. ಡಿ.ಫಾರ್ಮ್ ಆದಮೇಲೆ ಇನ್ನೂ ಓದಬೇಕು ಅನ್ನಿಸಿದರೆ ಬಿ.ಫಾರ್ಮ್ ಎರಡನೇ ವರ್ಷಕ್ಕೆ ನೇರ ಸೇರಬಹುದು, ನಮ್ಮ ಕ್ಲಾಸಿನಲ್ಲಿ ಹಾಗೆ ಬಂದವರು ನಮಗಿಂತ ಚೆನ್ನಾಗಿ ಔಷಧಿ ಗುರುತು ಹಿಡಿಯುತ್ತಿದ್ದರು. ಕಂಪನಿ, ಲ್ಯಾಬ್, ಎಂ.ಫಾರ್ಮ್ (ಸ್ನಾತಕೋತ್ತರ ಪದವಿ) ಅಂತ ಮನಸ್ಸಿದ್ದರೆ ಬಿ.ಫಾರ್ಮ್. ವಾರ್ಡಿನಲ್ಲಿ ಡಾಕ್ಟರ್ ಜೊತೆ ರೌಂಡ್ಸ್ ಹೋಗಬೇಕು, ರೋಗಿಯ ಕೇಸ್ ಶೀಟ್ ಓದಬೇಕು ಅನ್ನುವವರಿಗೆ ಫಾರ್ಮ್.ಡಿ. ಅಮೆರಿಕಕ್ಕೆ ಹೋಗಿ ಫಾರ್ಮಸಿಸ್ಟ್ ಆಗುವ ಕನಸಿದ್ದರೆ ಇದನ್ನು ಈಗಲೇ ಗೋಡೆ ಮೇಲೆ ಬರೆದು ಅಂಟಿಸಿಕೊಳ್ಳಿ: 2003ರಿಂದ ಈಚೆಗೆ ಪಾಸಾದ ಹೊರದೇಶದವರು ಅಲ್ಲಿನ ಪರೀಕ್ಷೆ ಬರೆಯಬೇಕಾದರೆ ಕಡಿಮೆ ಅಂದರೆ 5 ವರ್ಷದ ಫಾರ್ಮಸಿ ಕೋರ್ಸ್ ಬೇಕು. ನಮ್ಮ 4 ವರ್ಷದ ಬಿ.ಫಾರ್ಮ್ ಅಲ್ಲಿ ನಡೆಯುವುದಿಲ್ಲ. ಕೊನೆಯ ವರ್ಷದಲ್ಲಿ ಇದು ಗೊತ್ತಾಗಿ ತಲೆ ಮೇಲೆ ಕೈ ಹೊತ್ತು ಕೂತವಳು ನನ್ನ ರೂಮ್‌ಮೇಟ್.

ನಮ್ಮ ರಾಜ್ಯದಲ್ಲಿ ಬಿ.ಫಾರ್ಮ್‌ಗೂ ಫಾರ್ಮ್.ಡಿಗೂ ಸಿಇಟಿ ಮೂಲಕ ಸೀಟು. ಫಿಸಿಕ್ಸ್, ಕೆಮಿಸ್ಟ್ರಿ ಜೊತೆ ಬಯಾಲಜಿ ಓದಿದವರೂ ಬರಬಹುದು, ಮ್ಯಾಥ್ಸ್ ಓದಿದವರೂ ಬರಬಹುದು. ಮ್ಯಾಥ್ಸ್‌ನವರಿಗೆ ಮೊದಲ ಸೆಮಿಸ್ಟರ್‌ನಲ್ಲಿ ರೆಮಿಡಿಯಲ್ ಬಯಾಲಜಿ, ಬಯಾಲಜಿಯವರಿಗೆ ರೆಮಿಡಿಯಲ್ ಮ್ಯಾಥ್ಸ್ ಇರುತ್ತೆ, ಹೆದರಬೇಡಿ. ಕಾಲೇಜು ಹುಡುಕುವಾಗ ಮೊದಲು ನೋಡಬೇಕಾದ್ದು ಆ ಕಾಲೇಜಿನ ಆ ಕೋರ್ಸಿಗೆ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ ಅನುಮತಿ ಇದೆಯಾ ಅಂತ. ಕಾಲೇಜಿಗೆ ಇದೆ ಅಂದರೆ ಸಾಲದು, ನೀವು ಸೇರುವ ಕೋರ್ಸಿಗೇ ಇರಬೇಕು. ಅದಿಲ್ಲದಿದ್ದರೆ ನಾಳೆ ಫಾರ್ಮಸಿಸ್ಟ್ ಅಂತ ನೋಂದಣಿ ಆಗುವುದಿಲ್ಲ, ಅಲ್ಲಿಗೆ ಮುಗೀತು.

ಇನ್ನೊಂದು ಕಿವಿಮಾತು. ಕಾಲೇಜು ನೋಡಲು ಹೋದಾಗ ಕಟ್ಟಡ ನೋಡಬೇಡಿ, ಮೆಷಿನ್ ರೂಮ್ ತೋರಿಸಿ ಅನ್ನಿ. ಮಾತ್ರೆ ಒತ್ತುವ ಟ್ಯಾಬ್ಲೆಟ್ ಪಂಚಿಂಗ್ ಮೆಷಿನ್ ಮೇಲೆ ಬೆರಳಾಡಿಸಿ. ಬೆರಳಿಗೆ ಬಿಳಿ ಪುಡಿ ಮೆತ್ತಿದರೆ ಒಳ್ಳೆಯದು, ಬರೀ ಧೂಳು ಮೆತ್ತಿದರೆ ಯೋಚನೆ ಮಾಡಿ.

ಕಾರಣ ಹುಡುಕುವುದು

ಮೊದಲ ವರ್ಷ ಯಾರಾದರೂ ಯಾಕೆ ಫಾರ್ಮಸಿ ಅಂದರೆ "ಜನಸೇವೆ ಮಾಡಬೇಕು ಅಂತ" ಅನ್ನುತ್ತಿದ್ದೆ. ಸುಳ್ಳು. ಹೇಳುವಾಗ ನನಗೇ ಮುಖ ಬಿಸಿಯಾಗುತ್ತಿತ್ತು. ನಿಜವಾದ ಕಾರಣ ಸಿಕ್ಕಿದ್ದು ಮೂರನೇ ಸೆಮಿಸ್ಟರ್ ರಜೆಯಲ್ಲಿ, ಅದೂ ನಮ್ಮಜ್ಜಿಯ ಕಾಲಿನಲ್ಲಿ.

ಅಜ್ಜಿಯ ಎರಡು ಪಾದವೂ ಬಾತುಕೊಂಡಿದ್ದವು. ಸಂಜೆ ಹೊತ್ತಿಗೆ ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತಿತ್ತು. ಮನೆಯಲ್ಲಿ ಎಲ್ಲರೂ ವಯಸ್ಸಾಯ್ತಲ್ಲ ಅಂದರು, ಚಿಕ್ಕಪ್ಪ ಎರಡು ಸೈಜು ದೊಡ್ಡ ಚಪ್ಪಲಿ ತಂದುಕೊಟ್ಟರು, ಸಮಸ್ಯೆ ಮುಗಿಯಿತು ಅನ್ನುವ ಹಾಗೆ. ಅವತ್ತು ಮಾತ್ರೆ ಮುಗಿದಿದೆ ಅಂತ ಅಜ್ಜಿಯನ್ನು ಕರೆದುಕೊಂಡು ನಾವು ಯಾವಾಗಲೂ ಹೋಗುವ ಮೆಡಿಕಲ್ ಸ್ಟೋರಿಗೆ ಹೋದೆ. ಅಂಗಡಿಯ ಸಾರ್‌ಗೆ ಅರವತ್ತರ ಹತ್ತಿರ ವಯಸ್ಸು, ಹಳೇ ಕಾಲದ ಡಿ.ಫಾರ್ಮ್. ಅವರ ಕಣ್ಣು ಚೀಟಿಗಿಂತ ಮೊದಲು ಚಪ್ಪಲಿ ಮೇಲೆ ಬಿತ್ತು. "ಏನಜ್ಜಿ, ಕಾಲು ಹಿಂಗಾಗಿದೆ? ಮನೇಲಿರೋ ಮಾತ್ರೆ ಎಲ್ಲಾ ತಗೊಂಡು ಬಾರಮ್ಮ" ಅಂತ ನನ್ನನ್ನು ಓಡಿಸಿದರು.

ಬಿಸ್ಕತ್ತಿನ ಡಬ್ಬದಲ್ಲಿದ್ದ ಅಷ್ಟೂ ಸ್ಟ್ರಿಪ್‌ಗಳನ್ನು ಕೌಂಟರ್ ಮೇಲೆ ಇಸ್ಪೀಟ್ ಎಲೆ ಹರಡುವ ಹಾಗೆ ಹರಡಿ, ಬ್ರ್ಯಾಂಡ್ ಹೆಸರು ಬಿಟ್ಟು ಕೆಳಗಿನ ಸಣ್ಣ ಅಕ್ಷರ ಮಾತ್ರ ಓದುತ್ತಾ ಹೋದರು. ಎರಡು ಸ್ಟ್ರಿಪ್ ಎತ್ತಿ ಪಕ್ಕಕ್ಕಿಟ್ಟರು. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಕೊಟ್ಟಿದ್ದು, ಇನ್ನೊಂದು ಪ್ರೈವೇಟ್ ಡಾಕ್ಟರ್ ಬರೆದಿದ್ದು. ಹೆಸರು ಬೇರೆ, ಬಣ್ಣ ಬೇರೆ, ಒಳಗಿದ್ದಿದ್ದು ಎರಡರಲ್ಲೂ ಆಮ್ಲೋಡಿಪಿನ್. ಬಿಪಿ ಮಾತ್ರೆ. ಅದರ ಡೋಸ್ ಜಾಸ್ತಿಯಾದಷ್ಟೂ ಪಾದ ಬಾತುಕೊಳ್ಳುವ ಸಂಭವ ಜಾಸ್ತಿ. ಒಬ್ಬ ಡಾಕ್ಟರ್ ಬರೆದಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಅಜ್ಜಿ ಪಾಪ ಎರಡನ್ನೂ ತಪ್ಪದೆ ನುಂಗುತ್ತಿದ್ದರು.

ಸಾರ್ ಆಮೇಲೆ ಮಾಡಿದ್ದು ನನಗೆ ಇನ್ನೂ ಜಾಸ್ತಿ ಹಿಡಿಸಿತು. "ಇದನ್ನು ಬಿಟ್ಟುಬಿಡಿ" ಅನ್ನಲಿಲ್ಲ. ಒಂದು ಬಿಲ್ ಹಿಂದೆ ಎರಡೂ ಮಾತ್ರೆಯ ಹೆಸರು, ಡೋಸ್, ಯಾವಾಗಿನಿಂದ ತಗೊಳ್ಳುತ್ತಿದ್ದಾರೆ ಅಂತ ಬರೆದು, "ಇವತ್ತೇ ಡಾಕ್ಟರಿಗೆ ತೋರಿಸಿ, ಅವರು ಹೇಳಿದ ಹಾಗೆ ಮಾಡಿ" ಅಂದರು. ಡಾಕ್ಟರ್ ಒಂದನ್ನು ನಿಲ್ಲಿಸಿದರು. ಕೆಲವು ವಾರದಲ್ಲಿ ಬಾವು ಇಳಿಯಿತು.

ನಾನು ಆಗಷ್ಟೇ ಮೂರು ಸೆಮಿಸ್ಟರ್ ಓದಿ ಬಂದಿದ್ದೆ, ಅದೇ ಸ್ಟ್ರಿಪ್‌ಗಳನ್ನು ದಿನಾ ನೋಡಿದ್ದೆ, ಅಜ್ಜಿಗೆ ನಾನೇ ಬಿಡಿಸಿ ಕೊಟ್ಟಿದ್ದೆ. ಏನೂ ಹೊಳೆದಿರಲಿಲ್ಲ. ಆ ನಾಚಿಕೆಯೇ ನನ್ನ ಕಾರಣ.

ನಿಮಗೆ ಇಂಥದ್ದೇ ಘಟನೆ ಬೇಕು ಅಂತಲ್ಲ. ಮಾಡಬೇಕಾದ್ದು ಇಷ್ಟು: ಒಂದು 40 ಪೇಜಿನ ನೋಟ್‌ಬುಕ್ ಇಡಿ. ಔಷಧಿ ವಿಷಯದಲ್ಲಿ ನಿಮ್ಮ ಮನೆಯಲ್ಲಿ, ಬೀದಿಯಲ್ಲಿ, ಬಸ್ಸಿನಲ್ಲಿ ಕಂಡ ಎಡವಟ್ಟುಗಳನ್ನು ಬರೆಯುತ್ತಾ ಹೋಗಿ. ಇನ್ಸುಲಿನ್ ಅನ್ನು ಫ್ರೀಜರ್‌ನಲ್ಲಿ ಐಸ್‌ಕ್ಯಾಂಡಿ ಮಾಡಿಟ್ಟ ಪಕ್ಕದ ಮನೆ ಅಂಕಲ್ (2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಿದರೆ ಕೆಲಸಕ್ಕೆ ಬಾರದು), ಜ್ವರ ಬಿಟ್ಟ ತಕ್ಷಣ ಆಂಟಿಬಯಾಟಿಕ್ ನಿಲ್ಲಿಸಿ ಉಳಿದಿದ್ದನ್ನು ತಂಗಿಗೆ ಕೊಟ್ಟ ಅಕ್ಕ. ಬರೆದು, ಪಕ್ಕದಲ್ಲಿ ಒಂದು ಸಾಲು: ಇಲ್ಲಿ ಫಾರ್ಮಸಿಸ್ಟ್ ಏನು ಮಾಡಬಹುದಿತ್ತು? ಆರು ತಿಂಗಳ ನಂತರ ತಿರುವಿ ಹಾಕಿ. ಯಾವ ಥರದ ಎಡವಟ್ಟಿಗೆ ನಿಮಗೆ ಸಿಟ್ಟು ಬರುತ್ತೋ ಅಲ್ಲೇ ನಿಮ್ಮ ಕಾರಣ ಇದೆ. ಯಾವುದಕ್ಕೂ ಸಿಟ್ಟು ಬರದಿದ್ದರೆ ಅದೂ ಒಂದು ಮಾಹಿತಿ, ಬಹುಶಃ ನಿಮಗೆ ಜನಕ್ಕಿಂತ ಮೆಷಿನ್ನು, ಕೆಮಿಸ್ಟ್ರಿ ಇಷ್ಟ. ಅದಕ್ಕೂ ಈ ಫೀಲ್ಡಿನಲ್ಲಿ ಬೇಕಾದಷ್ಟು ಜಾಗ ಇದೆ.

ಕೌಂಟರ್ ಹಿಂದೆ ನಿಲ್ಲಿ

ಇದೊಂದನ್ನು ಮಾತ್ರ ಬಿಡಬೇಡಿ. ಬೇರೆ ಏನು ಬಿಟ್ಟರೂ ನಡೆಯುತ್ತೆ. ರಜೆ ಸಿಕ್ಕಾಗ, ಒಂದೇ ತಿಂಗಳಾದರೂ ಸರಿ, ಒಂದು ಮೆಡಿಕಲ್ ಸ್ಟೋರಿನಲ್ಲಿ ನಿಲ್ಲಿ. ದುಡ್ಡು ಕೇಳಬೇಡಿ, ಕೊಟ್ಟರೆ ತಗೊಳ್ಳಿ. ಅಂಗಡಿ ಆರಿಸುವಾಗ ನಿಜವಾದ ಫಾರ್ಮಸಿಸ್ಟ್ ಕೂರುವ ಅಂಗಡಿ ನೋಡಿ, ಯಾಕೆಂದರೆ 1948ರ ಫಾರ್ಮಸಿ ಕಾಯ್ದೆ ಪ್ರಕಾರ ಔಷಧಿ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್. ನೀವು ಇನ್ನೂ ವಿದ್ಯಾರ್ಥಿ. ಅವರ ಕಣ್ಣೆದುರಿಗೆ, ಅವರು ನೋಡಿ ಸರಿ ಅಂದ ಮೇಲಷ್ಟೇ ಯಾವುದೇ ಮಾತ್ರೆ ನಿಮ್ಮ ಕೈಯಿಂದ ಹೋಗಬೇಕು.

ನಾನು ಅಜ್ಜಿಯ ಕಾಲಿನ ಘಟನೆ ಆದ ಮಾರನೇ ದಿನವೇ ಅದೇ ಸಾರ್ ಹತ್ತಿರ ಹೋಗಿ "ರಜೆ ಮುಗಿಯೋವರೆಗೂ ಬರಲಾ ಸಾರ್?" ಅಂದೆ. "ಬಾ, ಆದ್ರೆ ಮೊದಲ ವಾರ ಬಾಯಿ ಬಿಡಬಾರದು" ಅಂದರು. ಮೊದಲ ವಾರ ಬರೀ ಸ್ಟ್ರಿಪ್ ಜೋಡಿಸುವುದು. ಎಕ್ಸ್‌ಪೈರಿ ಬೇಗ ಬರುವುದು ಮುಂದೆ, ತಡವಾಗಿ ಬರುವುದು ಹಿಂದೆ. ಬೋರು ಅನ್ನಿಸಿತು. ಆದರೆ ಹತ್ತು ದಿನಕ್ಕೆ ಒಂದು ವಿಚಿತ್ರ ನಡೆಯಿತು: ಬಾಯಿಪಾಠ ಮಾಡಿದರೂ ನಿಲ್ಲದ ಹೆಸರುಗಳು ಕೈಗೆ ಬಂದುಬಿಟ್ಟವು. "-ಪ್ರಿಲ್" ಅಂತ ಮುಗಿಯುವುದೂ "-ಸಾರ್ಟಾನ್" ಅಂತ ಮುಗಿಯುವುದೂ ಬಿಪಿ ಕಪಾಟಿನಲ್ಲಿ, "-ಪ್ರಜೋಲ್" ಗ್ಯಾಸ್ ಕಪಾಟಿನಲ್ಲಿ, "-ಸ್ಟಾಟಿನ್" ಕೊಲೆಸ್ಟ್ರಾಲ್ ಕಪಾಟಿನಲ್ಲಿ (ನಿಸ್ಟಾಟಿನ್ ಮಾತ್ರ ಫಂಗಸ್‌ಗೆ, ವೈವಾದಲ್ಲಿ ಬೀಳಿಸಲು ಅದನ್ನೇ ಕೇಳುತ್ತಾರೆ).

ಈಗ ನನ್ನ ಎಡವಟ್ಟು. ಎರಡನೇ ವಾರ, ಸಂಜೆ ರಶ್ಶು. ಒಬ್ಬರು ಚೀಟಿ ಕೊಟ್ಟರು, ಕೋಳಿ ಕೆದರಿದಂಥ ಅಕ್ಷರ, "ಮೆಟ್" ಅಂತ ಶುರುವಾಗಿ ಮುಂದೆ ಬರೀ ಗೆರೆ. ನಾನು ಸೀದಾ ಹೋಗಿ ಮೆಟ್‌ಫಾರ್ಮಿನ್ ತಂದೆ, ದಿನಾ ಹತ್ತು ಜನ ತಗೊಳ್ಳುವ ಶುಗರ್ ಮಾತ್ರೆ ಅಲ್ವಾ, ಕೈ ತಾನಾಗೇ ಅಲ್ಲಿಗೆ ಹೋಯಿತು. ಸಾರ್ ಸ್ಟ್ರಿಪ್ ನೋಡಿದರು, ಚೀಟಿ ನೋಡಿದರು, ನನ್ನನ್ನು ನೋಡಿದರು. "ಪಕ್ಕದಲ್ಲಿ 400 ಅಂತಿದೆ. ಮೆಟ್‌ಫಾರ್ಮಿನ್ 500, 850, 1000 ಬರುತ್ತೆ, 400 ಎಲ್ಲಿಂದ ತಂದೆ? ದಿನಕ್ಕೆ ಮೂರು ಸಲ, 5 ದಿನ ಅಂತ ಬರೆದಿದ್ದಾರೆ, ಶುಗರ್ 5 ದಿನಕ್ಕೆ ಹೋಗುತ್ತಾ? ಕೆಳಗೆ ಓಆರ್‌ಎಸ್ ಬೇರೆ ಇದೆ." ಅದು ಮೆಟ್ರೊನಿಡಜೋಲ್. ಭೇದಿಗೆ. ಆದರೂ ಸುಮ್ನೆ ಊಹೆ ಮೇಲೆ ಕೊಡಲಿಲ್ಲ, "ಏನು ತೊಂದರೆ ನಿಮಗೆ?" ಅಂತ ಅವರನ್ನೇ ಕೇಳಿ, ಡಾಕ್ಟರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಂಡು ಕೊಟ್ಟರು. ಕೊಡುವಾಗ ಮೆಲ್ಲಗೆ, "ಈ ಮಾತ್ರೆ ನಡೆಯೋವಾಗ ಎಣ್ಣೆ ಮುಟ್ಟಬೇಡಿ, ಮುಗಿದ ಮೇಲೂ ಮೂರು ದಿನ ಬೇಡ" ಅಂದರು (ಎಣ್ಣೆ ಅಂದರೆ ಮದ್ಯ). ಆ ಮನುಷ್ಯ ನಕ್ಕರು. ನನಗೆ ನಗು ಬರಲಿಲ್ಲ, ಕೈ ನಡುಗುತ್ತಿತ್ತು.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ, ನೀವೂ ಮಾಡಿಕೊಳ್ಳಿ. ಹೆಸರು, ಡೋಸ್, ದಿನಕ್ಕೆ ಎಷ್ಟು ಸಲ, ಎಷ್ಟು ದಿನ, ಯಾವ ಕಾಯಿಲೆ, ಈ ಐದೂ ಒಂದಕ್ಕೊಂದು ಹೊಂದಬೇಕು. ಒಂದು ತಾಳೆಯಾಗದಿದ್ದರೂ ಕೈ ನಿಲ್ಲಬೇಕು.

ಅಂಗಡಿಯಲ್ಲಿ ಇನ್ನೂ ನೋಡಿಕೊಳ್ಳಬೇಕಾದ್ದು ತುಂಬಾ ಇದೆ. ಎಚ್1 ರಿಜಿಸ್ಟರ್ ಕೇಳಿ ನೋಡಿ. ಕೆಲವು ಆಂಟಿಬಯಾಟಿಕ್, ಟಿಬಿ ಮಾತ್ರೆ, ನಿದ್ದೆ ಮಾತ್ರೆ ಇಂಥವು ಶೆಡ್ಯೂಲ್ ಎಚ್1ರಲ್ಲಿ (ಹೆಚ್ಚು ನಿಗಾ ಇಡಬೇಕಾದ ಔಷಧಿಗಳ ಸರ್ಕಾರಿ ಪಟ್ಟಿ) ಬರುತ್ತವೆ, 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಕೊಟ್ಟಾಗಲೆಲ್ಲ ಡಾಕ್ಟರ್ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟಿದ್ದು ಅಂತ ಬೇರೆ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಮಕ್ಕಳ ಡ್ರೈ ಸಿರಪ್ ಹೇಗೆ ಕಲಸಬೇಕು ಅಂತ ತಾಯಂದಿರಿಗೆ ತೋರಿಸಿ, ಅದು ನೀವು ಮೊದಲ ತಿಂಗಳಲ್ಲೇ ಮಾಡಬಹುದಾದ ನಿಜವಾದ ಉಪಕಾರ: ಕುದಿಸಿ ಆರಿಸಿದ ನೀರು, ಬಾಟಲಿ ಮೇಲಿನ ಗೆರೆಗೆ ಸ್ವಲ್ಪ ಕೆಳಗಿನವರೆಗೆ ಹಾಕಿ ಕುಲುಕುವುದು, ನೊರೆ ಇಳಿದ ಮೇಲೆ ಗೆರೆ ಮುಟ್ಟುವಷ್ಟು ಮತ್ತೆ ಹಾಕುವುದು, ಎಷ್ಟು ದಿನದೊಳಗೆ ಮುಗಿಸಬೇಕು ಅಂತ ಲೇಬಲ್ ಓದಿ ಹೇಳುವುದು, ಅಡುಗೆ ಮನೆ ಚಮಚ ಬೇಡ, ಜೊತೆಗೆ ಬಂದ ಅಳತೆ ಮುಚ್ಚಳದಲ್ಲೇ ಕೊಡಿ ಅನ್ನುವುದು. ಎರಡು ನಿಮಿಷದ ಕೆಲಸ. ಎಷ್ಟು ಅಂಗಡಿಯಲ್ಲಿ ಹೇಳುತ್ತಾರೆ, ನೀವೇ ಎಣಿಸಿ.

ಓದು, ಲ್ಯಾಬು

ಓದಿನ ಬಗ್ಗೆ ಜಾಸ್ತಿ ಹೇಳಲ್ಲ. ಆರ್ಗ್ಯಾನಿಕ್ ಕೆಮಿಸ್ಟ್ರಿ ಎಲ್ಲರಿಗೂ ಕಷ್ಟ, ಪ್ರತಿ ದಿನ ಎರಡು ರಿಯಾಕ್ಷನ್ ಕೈಯಲ್ಲಿ ಬರೆದರೆ ದಾಟುತ್ತೀರಿ. ಕನ್ನಡ ಮೀಡಿಯಂನಿಂದ ಬಂದವರು ಮೊದಲ ಸೆಮಿಸ್ಟರ್ ಅಳುತ್ತಾರೆ, ನಾನೂ ಅತ್ತಿದ್ದೆ. ನನಗೆ ಸಹಾಯವಾಗಿದ್ದು ಒಂದೇ, ಪಾಠ ಕೇಳಿದ ಸಂಜೆ ಅದನ್ನು ಕನ್ನಡದಲ್ಲಿ ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಅಮ್ಮನಿಗೆ ಅರ್ಥವಾದರೆ ನನಗೆ ಅರ್ಥವಾಗಿದೆ ಅಂತ ಲೆಕ್ಕ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯುವುದು. ಹ್ಞಾಂ, ಭಾರತದಲ್ಲಿ ವಿಶ್ವವಿದ್ಯಾಲಯ ಮಟ್ಟದ ಫಾರ್ಮಸಿ ಓದು ಶುರುವಾಗಿದ್ದು 1932ರಲ್ಲಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ, ಶುರು ಮಾಡಿದವರು ಮಹಾದೇವ ಲಾಲ್ ಶ್ರಾಫ್. ಇದನ್ನು ಮೊದಲ ವೈವಾದಲ್ಲೇ ಕೇಳುತ್ತಾರೆ, ಉಚಿತ ಅಂಕ.

ಲ್ಯಾಬ್ ಮಾತ್ರ ಲಘುವಾಗಿ ತಗೊಳ್ಳಬೇಡಿ. ನಮಗೆ ಪ್ಯಾರಾಸಿಟಮಾಲ್ ಮಾತ್ರೆ ಮಾಡಲು ಕೊಟ್ಟಿದ್ದರು. ಮಾತ್ರೆ ನೋಡಲು ಬೆಳ್ಳಗೆ ದುಂಡಗೆ ಚೆನ್ನಾಗೇ ಬಂತು. ಫ್ರೈಯಬಿಲೇಟರ್‌ಗೆ ಹಾಕಿದೆವು, ಅದು ಮಾತ್ರೆ ಎಷ್ಟು ಉದುರುತ್ತೆ ಅಂತ ನೋಡುವ ಗಾಜಿನಂಥ ಪ್ಲಾಸ್ಟಿಕ್ ಚಕ್ರ, ನಿಮಿಷಕ್ಕೆ 25 ಸುತ್ತು, 4 ನಿಮಿಷ, ಒಟ್ಟು 100 ಸುತ್ತಿನಲ್ಲಿ ಮಾತ್ರೆಗಳು ಮೇಲಿಂದ ಬಿದ್ದು ಬಿದ್ದು ಏಳುತ್ತವೆ. ತೂಕ 1 ಪರ್ಸೆಂಟಿಗಿಂತ ಜಾಸ್ತಿ ಕಡಿಮೆಯಾಗಬಾರದು. ನಮ್ಮದು ಅರ್ಧ ದಾರಿಯಲ್ಲೇ ಟೋಪಿ ಕಳಚಿದ ಹಾಗೆ ಮೇಲಿನ ಪದರ ಹಾರಿಹೋಯಿತು. ಇದಕ್ಕೆ ಕ್ಯಾಪಿಂಗ್ ಅನ್ನುತ್ತಾರೆ. ಪಕ್ಕದ ಬ್ಯಾಚಿನವರ ಮಾತ್ರೆ ತೋರಿಸಿ ಅಂಕ ತಗೊಳ್ಳುವ ಅವಕಾಶ ಇತ್ತು, ನಿಜ ಹೇಳಬೇಕೆಂದರೆ ಮನಸ್ಸೂ ಆಗಿತ್ತು. ಮೇಡಂ ಬಂದು ನಮ್ಮ ಪುಡಿ ಬೆರಳಲ್ಲಿ ಉಜ್ಜಿ, "ಹಿಟ್ಟು ಒಣಗಿಹೋಗಿದೆ, ಗಂಜಿ ಕಡಿಮೆಯಾಗಿದೆ" ಅಂದರು. ಪುಡಿಯನ್ನು ಅಂಟಿಸುವ ಸ್ಟಾರ್ಚ್ ಪೇಸ್ಟ್ ಅಂದರೆ ಗಂಜಿಯೇ ತಾನೇ. ಮತ್ತೆ ಕಾಯಿಸಿ, ಕಲಸಿ, ಗ್ರ್ಯಾನ್ಯೂಲ್ (ಗಂಜಿಯಲ್ಲಿ ಕಲಸಿದ ಪುಡಿಯ ಸಣ್ಣ ಕಾಳು) ಅನ್ನು ಅತಿಯಾಗಿ ಒಣಗಿಸದೆ ಮಾಡಿದಾಗ ನಿಂತಿತು. ಎರಡು ವರ್ಷದ ನಂತರ ಒಂದು ಇಂಟರ್‌ವ್ಯೂನಲ್ಲಿ ನಾನು ಹೇಳಿದ್ದು ಸರಿಯಾಗಿ ಬಂದ ಮಾತ್ರೆಯ ಬಗ್ಗೆ ಅಲ್ಲ, ಟೋಪಿ ಹಾರಿದ ಮಾತ್ರೆಯ ಬಗ್ಗೆ.

ಕಂಪನಿ ಟ್ರೈನಿಂಗ್

ಆರನೇ ಸೆಮಿಸ್ಟರ್ ಆದಮೇಲೆ, ಏಳನೆಯದು ಶುರುವಾಗುವ ಮುಂಚೆ ನಾಲ್ಕು ವಾರ, 150 ಗಂಟೆ, ಔಷಧಿ ಕಂಪನಿ ಅಥವಾ ಆಸ್ಪತ್ರೆಯಲ್ಲಿ ಟ್ರೈನಿಂಗ್ ಅಂತ ಸಿಲಬಸ್‌ನಲ್ಲೇ ಇದೆ. ಇದಕ್ಕೆ ಮೂರು ತಿಂಗಳು ಮುಂಚೆಯೇ ಓಡಾಡಿ. ಪೀಣ್ಯ, ಬೊಮ್ಮಸಂದ್ರ, ಜಿಗಣಿ, ನಂಜನಗೂಡು, ಬೀದರ್ ಕಡೆ ಔಷಧಿ ಕಾರ್ಖಾನೆಗಳಿವೆ. ಬರೀ ಮೇಲ್ ಕಳಿಸಿ ಕಾಯುತ್ತಾ ಕೂತರೆ ಆಗಲ್ಲ, ಕಾಲೇಜಿನ ಲೆಟರ್ ಹಿಡಿದು ಗೇಟಿಗೆ ಹೋಗಿ, ಇಲ್ಲವೇ ಅಲ್ಲಿ ಕೆಲಸ ಮಾಡುವ ಸೀನಿಯರ್ ಹಿಡಿಯಿರಿ. ನನಗೆ ಸಿಕ್ಕಿದ್ದು ಹಾಸ್ಟೆಲಿನ ಸೀನಿಯರ್ ಅಕ್ಕನಿಂದ.

ನನಗೆ ಮೆಷಿನ್ ಮುಟ್ಟಿಸುತ್ತಾರೆ ಅನ್ನುವ ಆಸೆ ಇತ್ತು. ಮೊದಲ ಹತ್ತು ದಿನ ಎಸ್‌ಒಪಿ (ಪ್ರತಿ ಕೆಲಸಕ್ಕೂ ಬರೆದಿಟ್ಟ ವಿಧಾನ) ಓದಿಸಿದರು. ಕೈ ಹೇಗೆ ತೊಳೆಯಬೇಕು ಅನ್ನುವುದಕ್ಕೆ ಒಂದು, ಗೌನ್ ಹೇಗೆ ಹಾಕಬೇಕು ಅನ್ನುವುದಕ್ಕೆ ಒಂದು. ಒಂದು ದಿನ ರಿಜಿಸ್ಟರ್‌ನಲ್ಲಿ ತಾಪಮಾನ ತಪ್ಪು ಬರೆದು, ಅದರ ಮೇಲೇ ತಿದ್ದಿ 4 ಅನ್ನು 9 ಮಾಡಿದೆ. ಕ್ಯೂಎ (ಗುಣಮಟ್ಟ ಖಾತ್ರಿ ವಿಭಾಗ) ಮೇಡಂ ಗದರಿದ್ದು ಇನ್ನೂ ಕಿವಿಯಲ್ಲಿದೆ. ಅಲ್ಲಿ ವೈಟ್ನರ್ ನಿಷೇಧ, ಮೇಲೆ ಮೇಲೆ ತಿದ್ದುವುದು ನಿಷೇಧ. ತಪ್ಪಾದರೆ ಒಂದೇ ಗೆರೆ ಎಳೆಯಬೇಕು, ಹಳೆಯದು ಓದಲು ಬರುವ ಹಾಗಿರಬೇಕು, ಪಕ್ಕದಲ್ಲಿ ಸರಿಯಾದದ್ದು ಬರೆದು ಸಹಿ, ತಾರೀಕು ಹಾಕಬೇಕು. ತಪ್ಪು ಮಾಡಿದ್ದಕ್ಕೆ ಅಷ್ಟು ಬೈಯಲ್ಲ, ಮುಚ್ಚಿದ್ದಕ್ಕೆ ಬೈತಾರೆ. ಈ ಶಿಸ್ತು ನಿಮಗೆ ಹಿಡಿಸಿದರೆ ಕಂಪನಿ ನಿಮ್ಮ ಜಾಗ. ಉಸಿರು ಕಟ್ಟಿದರೆ ಅಲ್ಲ. ನಾಲ್ಕು ವಾರದಲ್ಲಿ ಅದು ಗೊತ್ತಾಗಿಬಿಡುತ್ತೆ, ಅದಕ್ಕೇ ಈ ಟ್ರೈನಿಂಗ್ ಸರ್ಟಿಫಿಕೇಟಿಗಾಗಿ ಮಾತ್ರ ಮಾಡಬೇಡಿ.

ಮುಂದೇನು

"ಓದಿ ಮೆಡಿಕಲ್ ಶಾಪ್ ಇಡ್ತೀಯಾ?" ಅಂತ ದೊಡ್ಡಪ್ಪ ಕೇಳುವಾಗ ಅದರಲ್ಲಿ ಒಂದು ಸಣ್ಣ ಚುಚ್ಚು ಇರುತ್ತೆ. ಇಟ್ಟರೆ ತಪ್ಪೇನು? ಬೇಕಾದ್ದು ಕನಿಷ್ಠ 10 ಚದರ ಮೀಟರ್ ಜಾಗ, ಒಂದು ಫ್ರಿಜ್, ಫಾರ್ಮಸಿಸ್ಟ್ ನೋಂದಣಿ, ಫಾರಂ 20 ಮತ್ತು 21ರ ಔಷಧಿ ಮಾರಾಟದ ಲೈಸೆನ್ಸ್. ಜನೌಷಧಿ ಕೇಂದ್ರದ ದಾರಿಯೂ ಇದೆ. ಕಾಗದಪತ್ರ ಕಷ್ಟವಲ್ಲ, ಬಂಡವಾಳ ಮತ್ತು ಬೀದಿಗೆ ಮೂರರಂತೆ ಇರುವ ಪೈಪೋಟಿ ಕಷ್ಟ.

ಕೋರ್ಸ್ ಮುಗಿದ ತಕ್ಷಣ ನಿಮ್ಮಲ್ಲಿ ಕೆಲವರಿಗೆ ಒಂದು ಫೋನ್ ಬರುತ್ತೆ. "ಕೆಲಸಕ್ಕೆ ಬರೋದು ಬೇಡ, ಸರ್ಟಿಫಿಕೇಟ್ ಕೊಡಿ, ತಿಂಗಳಿಗೆ ಇಷ್ಟು ಹಾಕ್ತೀವಿ." ಅಂದರೆ ನಿಮ್ಮ ನೋಂದಣಿ ತೋರಿಸಿ ಲೈಸೆನ್ಸ್ ತಗೊಂಡು, ಕೌಂಟರಿನಲ್ಲಿ ಓದದ ಹುಡುಗನನ್ನು ನಿಲ್ಲಿಸುವುದು. ನನಗೂ ಬಂದಿತ್ತು. ಕೂತು ತಿನ್ನುವ ದುಡ್ಡು ಅಂತ ಆಸೆ ಆಗೇ ಆಗುತ್ತೆ, ಮನೆ ಕಷ್ಟ ಇದ್ದರಂತೂ ಇನ್ನೂ ಜಾಸ್ತಿ. ಬೇಡ. ಅಲ್ಲಿ ಮೆಟ್‌ಫಾರ್ಮಿನ್ ಬದಲು ಇನ್ನೇನೋ ಹೋದರೆ ಗೋಡೆ ಮೇಲೆ ತೂಗುತ್ತಿರುವುದು ನಿಮ್ಮ ಹೆಸರು, ನೋಂದಣಿ ಹೋಗುವುದೂ ನಿಮ್ಮದೇ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಹೀಗೆ ಬಾಡಿಗೆಗೆ ಕೊಟ್ಟು ಕೊಟ್ಟೇ ನಮ್ಮ ಸಂಬಳ ಏಳುತ್ತಿಲ್ಲ, ಸರ್ಟಿಫಿಕೇಟ್ ಅಗ್ಗಕ್ಕೆ ಸಿಗುವಾಗ ಮನುಷ್ಯನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಉಳಿದ ದಾರಿಗಳು: ಜನರ ಜೊತೆ ಮಾತಾಡಿ ಬಿಸಿಲಲ್ಲಿ ಬೈಕ್ ಓಡಿಸಲು ಬೇಸರವಿಲ್ಲದವರಿಗೆ ಮೆಡಿಕಲ್ ರೆಪ್ ಕೆಲಸ ಬೇಗ ಸಿಗುತ್ತೆ, ಟಾರ್ಗೆಟ್ ತಲೆನೋವು ಜೊತೆಗೇ ಬರುತ್ತೆ. ಲ್ಯಾಬ್ ಇಷ್ಟ ಅಂದರೆ ಕ್ಯೂಸಿ (ಗುಣಮಟ್ಟ ಪರೀಕ್ಷೆ), ಔಷಧಿಯಲ್ಲಿ ಏನು ಎಷ್ಟಿದೆ ಅಂತ ಅಳೆಯುವ ಎಚ್‌ಪಿಎಲ್‌ಸಿ ಮೆಷಿನ್ ಮುಂದೆ ಶಿಫ್ಟ್. ಮುಂದೆ ಓದಲು ಎಂ.ಫಾರ್ಮ್ ಪ್ರವೇಶ ಪರೀಕ್ಷೆ ಜಿಪ್ಯಾಟ್ ಬರೆಯಿರಿ, 125 ಪ್ರಶ್ನೆ, 500 ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಪಾಸಾಗಿ ಎಂ.ಫಾರ್ಮ್ ಸೇರಿದ ಅರ್ಹರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಇದೆ. ಮೊಹಾಲಿ, ಹೈದರಾಬಾದ್ ಥರದ ಕಡೆ ಇರುವ ಕೇಂದ್ರ ಸರ್ಕಾರದ ಫಾರ್ಮಸಿ ಸಂಸ್ಥೆಗಳಾದ ನೈಪರ್‌ಗಳಿಗೆ ಬೇರೆ ಪ್ರವೇಶ ಪರೀಕ್ಷೆ. ಡ್ರಗ್ಸ್ ಇನ್‌ಸ್ಪೆಕ್ಟರ್ ಆಗಬೇಕು ಅನ್ನುವವರು ಕೆಪಿಎಸ್‌ಸಿ ಮೇಲೆ ಕಣ್ಣಿಡಿ, ಆದರೆ ಅದನ್ನೊಂದೇ ನಂಬಿ ಮನೆಯಲ್ಲಿ ಕೂರಬೇಡಿ, ಅರ್ಜಿ ಕರೆಯುವುದು ಯಾವಾಗಲೋ. ಯಾವ ದಾರಿ ಹಿಡಿದರೂ ಪಾಸಾದ ಕೂಡಲೇ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ, ಆಮೇಲೆ ನೋಡೋಣ ಅಂತ ಮುಂದೂಡಬೇಡಿ.

ನಾನು ಆರಿಸಿಕೊಂಡಿದ್ದು ಫಾರ್ಮಕೋವಿಜಿಲೆನ್ಸ್. ಔಷಧಿ ತಗೊಂಡವರಿಗೆ ಆದ ಅಡ್ಡಪರಿಣಾಮಗಳ ವರದಿ ಸೇರಿಸಿ, ಓದಿ, ದಾಖಲು ಮಾಡುವ ಕೆಲಸ. ಬೆಂಗಳೂರಿನಲ್ಲಿ ಈ ಕೆಲಸದ ಕಂಪನಿಗಳು ಸಾಕಷ್ಟಿವೆ. ದೇಶದ ಮಟ್ಟದಲ್ಲಿ ಇದಕ್ಕಾಗಿ 2010ರಿಂದ ಒಂದು ಕಾರ್ಯಕ್ರಮ ನಡೆಯುತ್ತಿದೆ, 1800 180 3024 ಅನ್ನುವ ಉಚಿತ ನಂಬರಿಗೆ ಯಾರು ಬೇಕಾದರೂ ಫೋನ್ ಮಾಡಿ ಅಡ್ಡಪರಿಣಾಮ ತಿಳಿಸಬಹುದು. ನಾಲ್ಕೈದು ವರ್ಷ ಇದನ್ನು ಮಾಡಿ, ಆಮೇಲೆ ಊರಿನಲ್ಲಿ ಒಂದು ಅಂಗಡಿ, ಕೌಂಟರ್ ಮುಂದೆ ಒಂದು ಬೆಂಚು, ಮನೆಯ ಮಾತ್ರೆ ಡಬ್ಬ ತಂದವರಿಗೆ ಕೂತು ನೋಡಿಕೊಡುವುದು. ದೊಡ್ಡಪ್ಪ ಗೆದ್ದರು ಅಂದುಕೊಳ್ಳಲಿ ಬಿಡಿ.

ಆ ಮೂರು ಉತ್ತರ ಬರೆಯುವುದು

ಇಂಟರ್‌ವ್ಯೂಗೆ ಇರಲಿ, ಎಂ.ಫಾರ್ಮ್ ಅರ್ಜಿಗೆ ಇರಲಿ, ಮೂರನ್ನೂ ಕೈಯಲ್ಲಿ ಬರೆದು ನೋಡಿ. ನನ್ನ ಮೊದಲ ಸಲದ್ದು ಹೀಗಿತ್ತು: "ನನಗೆ ಬಾಲ್ಯದಿಂದಲೂ ಆರೋಗ್ಯ ಕ್ಷೇತ್ರದಲ್ಲಿ ಅಪಾರ ಆಸಕ್ತಿ. ಶ್ರದ್ಧೆಯಿಂದ ಕಲಿತಿದ್ದೇನೆ. ಸಮಾಜಕ್ಕೆ ಕೊಡುಗೆ ನೀಡುವ ಗುರಿ ಇದೆ." ಇದರಲ್ಲಿ ನನ್ನ ಹೆಸರು ತೆಗೆದು ನಿಮ್ಮದು ಹಾಕಿದರೂ ನಡೆಯುತ್ತೆ, ಕ್ಲಾಸಿನ 60 ಜನರದ್ದು ಹಾಕಿದರೂ ನಡೆಯುತ್ತೆ. ಹರಿದು ಹಾಕಿದೆ.

ಎರಡನೇ ಸಲ ನೋಟ್‌ಬುಕ್ ಮುಂದಿಟ್ಟುಕೊಂಡು ಬರೆದೆ. ರ‍್ಯಾಂಕ್ ಬರಲಿಲ್ಲ ಅಂತ ಫಾರ್ಮಸಿಗೆ ಬಂದೆ, ಅದು ಮೊದಲ ಸಾಲು. ಎರಡು ಬ್ರ್ಯಾಂಡಿನ ಆಮ್ಲೋಡಿಪಿನ್, ಅಜ್ಜಿಯ ಪಾದ, ದಿನಾ ನೋಡಿಯೂ ನನಗೆ ಹೊಳೆಯಲಿಲ್ಲ, ಅದಕ್ಕೇ ಉಳಿದುಕೊಂಡೆ. ಕಲಿತಿದ್ದು ಅಂದರೆ ಮೆಟ್ರೊನಿಡಜೋಲ್ ಎಡವಟ್ಟು, ಟೋಪಿ ಹಾರಿದ ಮಾತ್ರೆ, 4 ಅನ್ನು 9 ಮಾಡಿ ಬೈಸಿಕೊಂಡಿದ್ದು. ಮುಂದಿನ ಗುರಿಯಲ್ಲಿ ಎರಡು ಸಾಲು, ಏನು ಮಾಡಬೇಕು, ಅದಕ್ಕೆ ಈ ಕೆಲಸ ಯಾಕೆ ಬೇಕು. ರೂಮ್‌ಮೇಟ್ ಓದಿ, "ಇಷ್ಟೊಂದು ತಪ್ಪು ಒಪ್ಪಿಕೊಂಡ್ರೆ ಯಾರು ಕೆಲಸ ಕೊಡ್ತಾರೆ?" ಅಂದಳು. ನನಗೂ ಭಯ ಇತ್ತು. ಆದರೆ ಅಡ್ಡಪರಿಣಾಮ ದಾಖಲು ಮಾಡುವ ಕೆಲಸಕ್ಕೆ ತಪ್ಪು ಮುಚ್ಚುವವಳು ಯಾಕೆ ಬೇಕು, ಅಲ್ವಾ? ಹಾಗೇ ಕಳಿಸಿದೆ.

ಇಂಟರ್‌ವ್ಯೂನಲ್ಲಿ ಇಬ್ಬರಿದ್ದರು. ಸೈಡ್ ಎಫೆಕ್ಟ್‌ಗೂ ಅಡ್ವರ್ಸ್ ಡ್ರಗ್ ರಿಯಾಕ್ಷನ್‌ಗೂ ವ್ಯತ್ಯಾಸ ಕೇಳಿದರು, ಒಂದು ವರದಿಗೆ ಕನಿಷ್ಠ ಏನೇನು ಇರಬೇಕು ಅಂತ ಕೇಳಿದರು (ಗುರುತಿಸಬಹುದಾದ ರೋಗಿ, ವರದಿ ಮಾಡಿದವರು, ಅನುಮಾನ ಇರುವ ಔಷಧಿ, ಆದ ತೊಂದರೆ, ಈ ನಾಲ್ಕು). ಹೇಳಿದೆ. ಎದ್ದು ಹೊರಡುವಾಗ ವಯಸ್ಸಾದವರೊಬ್ಬರು ಕನ್ನಡಕ ತೆಗೆದು, "ಈಗ ಅಜ್ಜಿ ಕಾಲು ಹೇಗಿದೆಯಮ್ಮ?" ಅಂದರು.

"ಬಾವು ಇಲ್ಲ ಸಾರ್," ಅಂದೆ. "ಆದ್ರೆ ದುಡ್ಡು ಕೊಟ್ಟು ತಂದಿದ್ದು ಅಂತ ಆ ದೊಡ್ಡ ಚಪ್ಪಲೀನೇ ಹಾಕ್ಕೊಂಡು ಓಡಾಡ್ತಾರೆ."